ಬೆಂಕಿ ತಂದ ಬಂಡಿ ನೀರನ್ನೂ ತಂದಿತ್ತು

ಶಿವಮೊಗ್ಗದಿಂದ ಸಾಗರದ ಕಡೆ ಹೋಗುವ ಹಾದಿಯ ಒಂದು ಸಣ್ಣ ನಿಲ್ದಾಣದಲ್ಲಿ, ಬೆಂಕಿ ಆರಿಸಲೆಂದು ಗೋಡೆಗೆ ನೇತುಹಾಕಿದ್ದ ಕೆಂಪು ಬಕೆಟ್ಟುಗಳೊಳಗೆ ಈಚೆಗೆ ಇಣುಕಿ ನೋಡಿದೆ. ನಾಲ್ಕಿದ್ದವು. ಒಂದರಲ್ಲಿ ಮರಳು ಮಳೆಗಾಲದ ಥಂಡಿ ಕುಡಿದು ಗಟ್ಟಿಕಟ್ಟಿತ್ತು, ಬೆರಳು ಇಳಿಯಲಿಲ್ಲ. ಇನ್ನೊಂದು ಎಲೆಯಡಿಕೆ ಉಗುಳಿಗೆ ಮೀಸಲು. ಈ ಬಕೆಟ್ಟುಗಳ ತಳ ಗುಂಡಗಿರುತ್ತದೆ, ನೆಲದ ಮೇಲೆ ಇಟ್ಟರೆ ಉರುಳುತ್ತವೆ. ಯಾರೂ ಬಚ್ಚಲಿಗೆ ಒಯ್ಯದಿರಲಿ ಎಂದು ಹಾಗೆ ಮಾಡಿದ್ದಂತೆ. ಕಳ್ಳರಿಂದ ಉಳಿದವು, ಉಗುಳಿನಿಂದ ಉಳಿಯಲಿಲ್ಲ.

ಮಲೆನಾಡಿನ ರೈಲಿಗೂ ಬೆಂಕಿಗೂ ನಂಟು ಹಳೆಯದು. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಹಳಿ ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಆನಂದಪುರ, ಸಾಗರ, ತಾಳಗುಪ್ಪದವರೆಗೆ 1930ರಿಂದ 1940ರ ನಡುವೆ ಹಂತಹಂತವಾಗಿ ಹಾಕಿದರು. ಕುಂಸಿ, ಅರಸಾಳು ಕಡೆಯ ಕಾಡು ಶಿವರಾತ್ರಿ ಹೊತ್ತಿಗೆ ಎಲೆ ಉದುರಿಸಿ ಕೂತಿರುತ್ತದೆ. ಮೊಣಕಾಲುದ್ದ ದರಗು. ಅದರ ನಡುವೆ ಏರು ಹತ್ತುವ ಉಗಿಬಂಡಿ ಏದುಸಿರು ಬಿಟ್ಟರೆ ಕಿಡಿ ಹಾರದೆ ಇರುತ್ತದೆಯೇ? ಹೊಗೆಕೊಳವೆಗೆ ಕಿಡಿ ತಡೆಯುವ ಜಾಲರಿ ಇರುತ್ತಿತ್ತು, ಬೂದಿ ಎಲ್ಲೆಂದರಲ್ಲಿ ಸುರಿಯಬಾರದೆಂಬ ನಿಯಮವೂ ಇತ್ತು. ಅದನ್ನು ಮೀರಿ ಹಾರಿದ ಕಿಡಿಗೆ ಗ್ಯಾಂಗ್‌ಮನ್ನರು ಹಳಿಯಂಚಿನಲ್ಲಿ ಕೆರೆದಿಟ್ಟ ಬೋಳು ಪಟ್ಟಿಯೇ ತಡೆ. ಅದೂ ದಾಟಿದರೆ ಹಸಿ ಸೊಪ್ಪಿನ ಗೊಂಚಲು ಹಿಡಿದು ಬಡಿಯುವುದು. ಮಲೆನಾಡಿನಲ್ಲಿ ಕಾಡುಬೆಂಕಿಗೆ ಇವತ್ತಿಗೂ ಇದೇ ಮದ್ದು.

ಆದರೆ ಆ ಕಾಲದ ಒಂದು ಅನುಕೂಲ ನಮ್ಮ ಗಮನಕ್ಕೆ ಬರುವುದಿಲ್ಲ. ಉಗಿಬಂಡಿಗೆ ಬೆಂಕಿಯಷ್ಟೇ ನೀರೂ ಬೇಕು. ಹಾಗಾಗಿ ದಾರಿಯುದ್ದಕ್ಕೂ ಅಲ್ಲಲ್ಲಿ ಕೆರೆಯಿಂದಲೋ ಬಾವಿಯಿಂದಲೋ ನೀರೆತ್ತಿ ಎತ್ತರದ ತೊಟ್ಟಿ ತುಂಬಿಡುತ್ತಿದ್ದರು. ಹಳಿಯ ಪಕ್ಕದಲ್ಲಿ ಆನೆಯ ಸೊಂಡಿಲಿನ ಹಾಗೆ ಬಾಗಿದ ಕಬ್ಬಿಣದ ಕೊಳವೆ. ಬೆಂಕಿ ಆರಿಸಲೆಂದು ಕಟ್ಟಿದ್ದಲ್ಲ, ನಿಜ. ಆದರೆ ಬೋಗಿಗೆ ಬೆಂಕಿ ಬಿದ್ದರೆ ನೀರೆಲ್ಲಿ ಎಂದು ಹುಡುಕಬೇಕಿರಲಿಲ್ಲ. 1990ರ ದಶಕ ಮುಗಿಯುವಷ್ಟರಲ್ಲಿ ಉಗಿಬಂಡಿ ಮುಖ್ಯ ಮಾರ್ಗಗಳಿಂದ ಮರೆಯಾಯಿತು. ಡೀಸೆಲ್ ಎಂಜಿನ್ನಿಗೆ ದಾರಿಯಲ್ಲಿ ನೀರು ಬೇಡ. ತೊಟ್ಟಿ ಯಾಕೆ ತುಂಬಿಸಬೇಕು? 2011ರಲ್ಲಿ ತಾಳಗುಪ್ಪಕ್ಕೆ ಬ್ರಾಡ್ ಗೇಜ್ ಬಂತು, ಈಚಿನ ವರ್ಷಗಳಲ್ಲಿ ವಿದ್ಯುತ್ ತಂತಿಯೂ ಬಂತು. ಕಿಡಿಯ ಕಾಟ ತಪ್ಪಿತು. ಅದರ ಜೊತೆಗೆ ನೀರೂ ಹೋಯಿತು.

ತಂತಿ ಬಂದ ಮೇಲೆ ಆರಿಸುವ ಕೆಲಸದ ರೀತಿಯೇ ಬೇರೆ. ತಲೆಯ ಮೇಲಿರುವುದು 25,000 ವೋಲ್ಟ್. ಕರೆಂಟು ಇರುವಾಗ ಅದರ ಎರಡು ಮೀಟರ್ ಒಳಗೆ ಯಾರೂ ಹೋಗುವಂತಿಲ್ಲ, ನೀರಿನ ಧಾರೆಯಂತೂ ತಾಗಲೇಬಾರದು, ಅದರಲ್ಲೇ ಕರೆಂಟು ಹರಿದು ಪೈಪು ಹಿಡಿದವನನ್ನು ಮುಟ್ಟೀತು. ಸ್ಟೇಷನ್ ಮಾಸ್ತರು ಕಂಟ್ರೋಲ್ ರೂಮಿಗೆ ತಿಳಿಸಬೇಕು, ಅಲ್ಲಿ ಲೈನ್ ಕಡಿಯಬೇಕು, ಕಡಿದದ್ದು ಖಾತ್ರಿಯಾಗಬೇಕು, ರೈಲ್ವೆ ಸಿಬ್ಬಂದಿ ತಂತಿಗೆ ಸರಳು ಸಿಕ್ಕಿಸಿ, ಉಳಿದ ಕರೆಂಟು ನೆಲಕ್ಕೆ ಇಳಿಯುವಂತೆ ಅರ್ಥಿಂಗ್ ಕೊಡಬೇಕು. ಅಲ್ಲಿಯವರೆಗೆ ಊರಿನಿಂದ ಓಡಿಬಂದ ಫೈರ್ ಇಂಜಿನ್‌ನವರು ಪೈಪು ಹಿಡಿದು ಕಾಯುವುದು.

ಊರಿನಿಂದ ಯಾಕೆ ಬರಬೇಕು ಎಂಬುದಕ್ಕೂ ಕಾರಣವಿದೆ. ರೈಲ್ವೆ ಕೇಂದ್ರದ್ದು. ಬೆಂಕಿ ಆರಿಸುವುದು ರಾಜ್ಯದ್ದು, 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯ ಪ್ರಕಾರ. ಸಂವಿಧಾನದ 12ನೇ ಅನುಸೂಚಿ ಅದನ್ನು ನಗರಸಭೆಗಳ ಪಟ್ಟಿಗೂ ಸೇರಿಸಿತು. ರೈಲ್ವೆಯ ಬಳಿ ಅಪಘಾತ ಪರಿಹಾರ ರೈಲು ಉಂಟು, ಹಗಲಾದರೆ 30 ನಿಮಿಷ, ರಾತ್ರಿಯಾದರೆ 45 ನಿಮಿಷದಲ್ಲಿ ಅದು ಹೊರಡಬೇಕು. ಹೊರಡಬೇಕು ಅಷ್ಟೇ, ತಲುಪುವ ಲೆಕ್ಕ ಬೇರೆ. ನಮ್ಮದು ಒಂಟಿ ಹಳಿ, ತಾಳಗುಪ್ಪ ಕೊನೆಯ ನಿಲ್ದಾಣ. ಹಳಿಯ ಮೇಲೆ ನೆರವು ಬಂದರೆ ಬೀರೂರಿನ ದಿಕ್ಕಿನಿಂದಲೇ. ರಸ್ತೆಯಲ್ಲಿ ಬರುವ ಫೈರ್ ಇಂಜಿನ್ ಹೊರುವುದು ಸಾಮಾನ್ಯವಾಗಿ 4,500 ಲೀಟರ್. ಅದರ ಪಂಪು ನಿಮಿಷಕ್ಕೆ 2,250 ಲೀಟರ್ ಎತ್ತಬಲ್ಲದು. ಪೂರ್ತಿ ಬಿಟ್ಟರೆ ಎರಡು ನಿಮಿಷದಲ್ಲಿ ಟ್ಯಾಂಕು ಖಾಲಿ.

ಓಡುವ ರೈಲಿಗೆ ಬಿದ್ದ ಬೆಂಕಿಯೇ ನಮ್ಮ ನೆನಪಿನಲ್ಲಿ ಉಳಿಯುತ್ತದೆ. 2013ರ ಡಿಸೆಂಬರ್ 28ರ ನಸುಕಿನಲ್ಲಿ ಬೆಂಗಳೂರಿನಿಂದ ಹೊರಟಿದ್ದ ನಾಂದೇಡ್ ಎಕ್ಸ್‌ಪ್ರೆಸ್ಸಿನ ಎಸಿ ಬೋಗಿ ಆಂಧ್ರದ ಕೊತ್ತಚೆರುವು ಬಳಿ ಉರಿದು 26 ಜನ ಸತ್ತರು. ನಿಂತ ಬೋಗಿಯೂ ಸಾಧುವಲ್ಲ. 2023ರ ಆಗಸ್ಟ್ 19ರಂದು ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರು ನಿಲ್ದಾಣದಲ್ಲಿ, ಜನ ಇಳಿದುಹೋದ ಮೇಲೆ, ಹೊತ್ತಿಕೊಂಡಿತು. ಸರಿಯಾಗಿ ವಾರದ ನಂತರ ಮಧುರೈನಲ್ಲಿ ನಿಲ್ಲಿಸಿದ್ದ ಯಾತ್ರಿಕರ ಬೋಗಿಯೊಳಗೆ, ಕದ್ದು ತಂದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಎದ್ದು ಒಂಬತ್ತು ಜನ ಹೋದರು. ಇಂಥ ವಸ್ತು ಒಯ್ದರೆ ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ಒಂದು ಸಿಲಿಂಡರಿನ ಬೆಲೆಯ ಆಸುಪಾಸಿನಲ್ಲಿದೆ.

ಇದೆಲ್ಲ ಈಗ ಶಿವಮೊಗ್ಗದ ಮಾತಾಗಿರುವುದು ಊರ ಪಕ್ಕದ ಕೋಟೆಗಂಗೂರಿನಿಂದಾಗಿ. ಅಲ್ಲಿನ ಕೋಚಿಂಗ್ ಡಿಪೋಗೂ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ಹೊಸ ಹಳಿಗೂ 2023ರ ಫೆಬ್ರವರಿ 27ರಂದು, ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ, ಅಡಿಗಲ್ಲು ಬಿತ್ತು. ಡಿಪೋ ಎಂದರೆ ಬೋಗಿಗಳು ಗಂಟೆಗಟ್ಟಲೆ ಸಾಲಾಗಿ ನಿಲ್ಲುವ, ತೊಳೆಯುವ, ರಿಪೇರಿಯಾಗುವ ಜಾಗ. ಶೌಚಾಲಯಕ್ಕೂ ಕೈ ತೊಳೆಯಲೂ ಬೋಗಿಗಳಿಗೆ ನೀರು ತುಂಬಿಸಲೇಬೇಕು. ಅಂದರೆ ಉಗಿಬಂಡಿ ಹೋದ ಮೇಲೆ ಹಳಿಯ ಪಕ್ಕಕ್ಕೆ ಮತ್ತೆ ದೊಡ್ಡ ತೊಟ್ಟಿಯ ನೀರು ಬರುತ್ತದೆ, ಈ ಸಲವೂ ಬೆಂಕಿಗೆಂದು ಅಲ್ಲ. ಬೋಗಿಗೆ ನೀರು ತುಂಬಿಸುವ ಪೈಪು ಸಣ್ಣದು. ಫೈರ್ ಇಂಜಿನ್ನಿನ ಹೋಸಿಗೆ ಇರುವುದು 63 ಮಿಲಿಮೀಟರ್ ಕಪ್ಲಿಂಗ್, ಅಂದರೆ ಪೈಪು ಜೋಡಿಸುವ ಬಾಯಿ. ಎರಡೂ ಒಂದಕ್ಕೊಂದು ಕೂರುವುದಿಲ್ಲ. ಕೊಳವೆ ಹೂಳುವಾಗಲೇ ಬೋಗಿಸಾಲಿನ ಎರಡೂ ತುದಿಯಲ್ಲಿ 63 ಮಿಲಿಮೀಟರಿನ ಒಂದೊಂದು ಬಾಯಿ ಬಿಟ್ಟರೆ ಖರ್ಚು ಅಲ್ಪ. ಹೂತು ಕಾಂಕ್ರೀಟು ಹಾಕಿದ ಮೇಲೆ ಅದನ್ನು ಅಗೆಸುವುದು ಯಾರು?