ಪದ ಪರಿಚಯ: ‘ಶೀನ್’, ನೇರಳೆ ಇಂಕಿನ ಮೇಲೆ ಕಾಣುವ ಹಸಿರು

ಇಂಕ್ ಪೆನ್ನಿನ ಹವ್ಯಾಸಿಗಳು ಮಾತಿಗೆ ಕುಳಿತರೆ ಪದೇ ಪದೇ ಕೇಳಿಬರುವ ಪದ ‘ಶೀನ್’. ಬರೆದ ಅಕ್ಷರ ಒಣಗಿದ ಮೇಲೆ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ, ಇಂಕಿನ ಮೂಲ ಬಣ್ಣದ ಮೇಲೆ ಬೇರೆಯದೇ ಒಂದು ಬಣ್ಣ ಲೋಹದ ಹೊಳಪಿನೊಡನೆ ಕಾಣಿಸಿಕೊಳ್ಳುವುದನ್ನು ಆ ಹೆಸರಿನಿಂದ ಕರೆಯುತ್ತಾರೆ. ನೀಲಿ ಇಂಕಿನ ಮೇಲೆ ಅದು ಸಾಮಾನ್ಯವಾಗಿ ಕೆಂಪಾಗಿಯೂ ನೇರಳೆಯ ಮೇಲೆ ಹಸಿರಾಗಿ ಅಥವಾ ಹೊನ್ನಿನ ಬಣ್ಣವಾಗಿಯೂ ಕಾಣುತ್ತದೆ.

ಇದನ್ನು ಕನ್ನಡದಲ್ಲಿ ‘ಹೊಳಪು’ ಎಂದುಬಿಟ್ಟರೆ ಅರ್ಥ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಎಣ್ಣೆ ಹಚ್ಚಿದ ಬಾಗಿಲಿಗೂ ಹೊಳಪಿದೆ, ಆದರೆ ಅಲ್ಲಿ ಎರಡನೆಯ ಬಣ್ಣವಿಲ್ಲ. ‘ಮಿನುಗು’ ಎಂಬ ಪದವನ್ನು ಅಭ್ರಕದಂಥ ಸಣ್ಣ ಕಣಗಳನ್ನು ಬೆರೆಸಿದ ಇಂಕುಗಳಿಗೆ ಬಿಟ್ಟುಕೊಡುವುದು ಒಳ್ಳೆಯದು. ಅಂಥ ಇಂಕಿನ ಕಣಗಳು ಸೀಸೆಯ ತಳದಲ್ಲಿ ಕೂರುತ್ತವೆ, ಬಳಸುವ ಮುನ್ನ ಸೀಸೆಯನ್ನು ಅಲ್ಲಾಡಿಸಬೇಕಾಗುತ್ತದೆ. ಒಂದೇ ಗೆರೆಯಲ್ಲಿ ಒಂದೇ ಬಣ್ಣ ಒಂದೆಡೆ ತೆಳುವಾಗಿ ಇನ್ನೊಂದೆಡೆ ದಟ್ಟವಾಗಿ ಕಾಣುವುದು ಮೂರನೆಯ ಗುಣ, ಅದಕ್ಕೆ ‘ಶೇಡಿಂಗ್’ ಎನ್ನುತ್ತಾರೆ. ಶೀನ್‌ಗೆ ನನ್ನ ಆಯ್ಕೆ ‘ಮಿರುಗು’. ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ಸಾಕಿದವರಿಗೆ ಆ ಪದವನ್ನು ವಿವರಿಸಬೇಕಾಗಿಲ್ಲ. ಜಪಾನೀಯರೂ ನೋಡುವ ಕೋನಕ್ಕೆ ತಕ್ಕಂತೆ ಬದಲಾಗುವ ಬಣ್ಣಕ್ಕೆ ‘ತಮಮುಶಿ-ಇರೊ’, ಅಂದರೆ ಜೀರ್ಜಿಂಬೆಯ ಜಾತಿಯದೇ ಆದ ಒಂದು ಹುಳುವಿನ ಬಣ್ಣ ಎನ್ನುತ್ತಾರೆ.

ಶಿಡ್ಲಘಟ್ಟದ ಕಡೆ ರೇಷ್ಮೆಯ ನಡುವೆಯೇ ಬೆಳೆದವರು ಇದನ್ನು ಎರಡು ಬಣ್ಣ ಹೊಡೆಯುವ ಸೀರೆಗೆ ಹೋಲಿಸಬಹುದು. ಕಣ್ಣಿಗೆ ಹೋಲಿಕೆ ಸರಿಯೇ, ಕಾರಣ ಮಾತ್ರ ಬೇರೆ. ಸೀರೆಯಲ್ಲಿ ಉದ್ದಕ್ಕೆ ಹಾಯುವ ಹಾಸುನೂಲು ಒಂದು ಬಣ್ಣದ್ದು, ಅಡ್ಡಕ್ಕೆ ಹಾಯುವ ಹೊಕ್ಕುನೂಲು ಇನ್ನೊಂದು ಬಣ್ಣದ್ದು. ಇಂಕಿನಲ್ಲಿ ಮಿರುಗಿಗೆಂದು ಎರಡನೆಯ ಬಣ್ಣವನ್ನು ಯಾರೂ ಬೆರೆಸಿರುವುದಿಲ್ಲ.

ಪದದ ಅರ್ಥ ನನಗೆ ಸರಿಯಾಗಿ ತಿಳಿದದ್ದು ಪೈಲಟ್ ಎಂಬ ಜಪಾನಿ ಪೆನ್ನು ಕಂಪನಿಯ ‘ಇರೊಶಿಜುಕು’ ಸಾಲಿನ ‘ಯಮಬುದೊ’ ಎಂಬ ಇಂಕನ್ನು ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಪ್ರಯೋಗಿಸಿ ನೋಡಿದಾಗ. ‘ಇರೊ’ ಎಂದರೆ ಬಣ್ಣ, ‘ಶಿಜುಕು’ ಎಂದರೆ ಹನಿ. 2007ರಲ್ಲಿ ಆರಂಭವಾದ ಈ ಸಾಲಿನ ಇಂಕುಗಳಿಗೆ ಜಪಾನಿನ ನಿಸರ್ಗದಿಂದ ಆಯ್ದ ಹೆಸರುಗಳಿವೆ. ಯಮಬುದೊ ಅಲ್ಲಿನ ಬೆಟ್ಟಗಳಲ್ಲಿ ತಾನಾಗಿ ಬೆಳೆಯುವ ಕಾಡುದ್ರಾಕ್ಷಿ. ನಂದಿಬೆಟ್ಟದ ಸುತ್ತ ದ್ರಾಕ್ಷಿ ಚಪ್ಪರಗಳನ್ನು ನೋಡುತ್ತಲೇ ಓಡಾಡುವ ನಮಗೆ ಈ ಹೆಸರು ದೂರದ್ದೇನಲ್ಲ, ಬಣ್ಣವಂತೂ ಇನ್ನೂ ಹತ್ತಿರದ್ದು: ನೇರಳೆ ಎಂದರೂ ಕೆಂಪಿನ ಕಡೆಗೇ ವಾಲಿರುವ, ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಪ್ಪೆಯನ್ನು ಬೆರಳಲ್ಲಿ ಹಿಸುಕಿದಾಗ ಅಂಟುವಂಥ ಬಣ್ಣ.

ಮೊದಲು ಬಿ.ಬಿ. ರಸ್ತೆಯ ಅಂಗಡಿಯೊಂದರಲ್ಲಿ ಕೊಂಡ ಸಾಧಾರಣ ನೋಟ್‌ಬುಕ್ಕಿನಲ್ಲಿ ಬರೆದೆ. ಅಕ್ಷರಗಳು ಚೆನ್ನಾಗಿಯೇ ಮೂಡಿದವು, ಆದರೆ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹೇಗೆ ತಿರುಗಿಸಿದರೂ ಹಸಿರಿನ ಸುಳಿವಿಲ್ಲ. ಹಾಳೆಯ ಹಿಂಬದಿಯಲ್ಲಿ ಮಾತ್ರ ಇಂಕು ಇಳಿದು ಚುಕ್ಕೆ ಚುಕ್ಕೆಯಾಗಿತ್ತು. ಅದೇ ಪೆನ್ನಿನಿಂದ, ಅದೇ ಇಂಕಿನಿಂದ ‘ತೊಮೊಎ ರಿವರ್’ ಎಂಬ ಜಪಾನಿ ಕಾಗದದ ಮೇಲೆ ‘ದ್ರಾಕ್ಷಿ’ ಎಂದು ಬರೆದು ಐದಾರು ನಿಮಿಷ ಬಿಟ್ಟು ಓರೆಯಾಗಿ ಹಿಡಿದಾಗ ಅಕ್ಷರಕ್ಕೆ ಅಂಚು ಬಂದಿತ್ತು. ಹಸಿರು ಬೆರೆತ ಹೊನ್ನಿನ ಬಣ್ಣ ಎಲ್ಲೆಡೆ ಇರಲಿಲ್ಲ, ಪೆನ್ನು ನಿಧಾನಿಸಿದ ಕಡೆಗಳಲ್ಲಿ ಮಾತ್ರ ಇತ್ತು: ‘ದ್ರಾ’ದ ಇಳಿ ಬಂದು ನಿಂತ ತುದಿಯಲ್ಲಿ, ಒತ್ತಕ್ಷರದ ಬಾಲ ತಿರುಗುವಲ್ಲಿ, ‘ಕ್ಷಿ’ಯ ಗುಡಿಸು ಸುತ್ತಿಕೊಂಡು ತನ್ನನ್ನೇ ಮುಟ್ಟುವಲ್ಲಿ. ಕನ್ನಡದ ಅಕ್ಷರಗಳಲ್ಲಿ ಇಂಥ ತಿರುವು ನಿಲುಗಡೆಗಳು ಹೇರಳವಾಗಿರುವುದರಿಂದ ಮಿರುಗುವ ಇಂಕಿಗೆ ನಮ್ಮ ಲಿಪಿ ಹೇಳಿ ಮಾಡಿಸಿದಂತಿದೆ ಎಂದು ನನಗೆ ಅನ್ನಿಸಿತು. ಇದು ಅಭಿಮಾನದ ಮಾತೂ ಇರಬಹುದು.

ಈ ಕಾಗದದ ತೂಕ ಒಂದು ಚದರ ಮೀಟರಿಗೆ ಕೇವಲ 52 ಗ್ರಾಂ, ಜೆರಾಕ್ಸ್ ಹಾಳೆಯದು 70–80 ಗ್ರಾಂ. ಅಷ್ಟು ತೆಳುವಾಗಿದ್ದೂ ಅದು ಇಂಕನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಟ್ಟೆಗೆ ಗಂಜಿ ಹಾಕುವಂತೆ ಕಾಗದಕ್ಕೂ ತಯಾರಿಕೆಯಲ್ಲಿ ಲೇಪ ಕೊಡುತ್ತಾರೆ, ಅದು ಗಟ್ಟಿಯಾಗಿದ್ದಷ್ಟೂ ಇಂಕು ಮೇಲೆಯೇ ನಿಂತು ಒಣಗುತ್ತದೆ. ನೀರು ಆರಿದ ಮೇಲೆ ಉಳಿಯುವ ಬಣ್ಣದ ವಸ್ತು ನಾರಿನೊಳಗೆ ಚದುರಿಹೋಗದೆ ಮೇಲ್ಮೈಯಲ್ಲಿ ಒತ್ತಾದ ಪದರವಾಗಿ ಕೂರುತ್ತದೆ. ಮಿರುಗು ಹುಟ್ಟುವುದು ಆ ಪದರದಲ್ಲಿ.

ಕಾರಣವನ್ನು ತುಸು ಬಿಡಿಸಿ ಹೇಳಬೇಕು. ನೇರಳೆ ಬಣ್ಣದ ವಸ್ತು ಬೆಳಕಿನಲ್ಲಿರುವ ಹಸಿರು ಮತ್ತು ಹಳದಿಯ ಭಾಗವನ್ನು, ಸ್ಥೂಲವಾಗಿ 500ರಿಂದ 590 ನ್ಯಾನೊಮೀಟರಿನವರೆಗಿನ ತರಂಗಾಂತರದ್ದನ್ನು, ಬಲವಾಗಿ ಹೀರಿಕೊಳ್ಳುತ್ತದೆ. ಉಳಿದ ಕೆಂಪು ಮತ್ತು ನೀಲಿ ಕಾಗದದಿಂದ ಚದುರಿ ಬಂದು ನಮ್ಮ ಕಣ್ಣಿಗೆ ನೇರಳೆಯಾಗಿ ಸೇರುತ್ತವೆ. ಆದರೆ ಅದೇ ವಸ್ತು ಒತ್ತಾಗಿ ನಯವಾದ ಪದರವಾದಾಗ, ಯಾವ ಬೆಳಕನ್ನು ಅದು ಅತ್ಯಂತ ಬಲವಾಗಿ ಹೀರುತ್ತದೆಯೋ ಅದೇ ಬೆಳಕಿನ ಒಂದಷ್ಟು ಪಾಲನ್ನು ಒಳಗೆ ಬಿಡದೆ, ತಗಡಿನಂತೆ ಮೇಲಿನಿಂದಲೇ ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಮಿರುಗು ಇಂಕಿನ ಬಣ್ಣಕ್ಕೆ ಬಹುಮಟ್ಟಿಗೆ ಎದುರು ಬಣ್ಣವೇ ಆಗಿರುತ್ತದೆ, ಮತ್ತು ಕನ್ನಡಿಯಲ್ಲಿ ಬಿಸಿಲು ಕೋರೈಸುವ ಕೋನದಲ್ಲಿ ಮಾತ್ರ ಅದು ಕಾಣುತ್ತದೆ. ಬಾಯಿಹುಣ್ಣಿಗೆ ಹಚ್ಚುತ್ತಿದ್ದ ಜೆನ್ಷಿಯನ್ ವೈಲೆಟ್ ಹಲವರಿಗೆ ನೆನಪಿರಬಹುದು. ನೀರಿನಲ್ಲಿ ಗಾಢ ನೇರಳೆಯಾಗುವ ಆ ಔಷಧದ ಒಣ ಪುಡಿ ಹಸಿರಾಗಿ ಹೊಳೆಯುತ್ತದೆ. ಜಪಾನಿನಲ್ಲಿ ಕುಸುಬೆ ಹೂವಿನಿಂದ ತೆಗೆಯುವ ‘ಬೆನಿ’ ಎಂಬ ತುಟಿರಂಗು ಕೆಂಪಿನದು, ಆದರೂ ಬಟ್ಟಲಿನ ಒಳಮೈಗೆ ಬಳಿದು ಒಣಗಿಸಿದರೆ ಹಸಿರು ಹೊನ್ನಾಗುತ್ತದೆ. ಒದ್ದೆ ಕುಂಚ ತಾಕಿದೊಡನೆ ಮತ್ತೆ ಕೆಂಪು.

ಹೀಗಾಗಿ ‘ಈ ಇಂಕಿಗೆ ಶೀನ್ ಇದೆ’ ಎಂಬುದು ಅರ್ಧ ಸತ್ಯ. ಕಾಗದ, ನಿಬ್ಬು, ಒಣಗುವ ವೇಗ ಮೂರೂ ಕೂಡಿ ಬರಬೇಕು. ಸಣ್ಣ ಮೊನೆಯ ನಿಬ್ಬು ಇಂಕನ್ನು ಜಿಪುಣತನದಿಂದ ಬಿಡುವುದರಿಂದ ಪದರ ಕಟ್ಟುವಷ್ಟು ಬಣ್ಣ ಕಾಗದಕ್ಕೆ ಇಳಿಯುವುದೇ ಇಲ್ಲ; ಅಗಲ ಮೊನೆಯದು ಧಾರಾಳಿ. ಒತ್ತುಕಾಗದ (ಬ್ಲಾಟಿಂಗ್ ಪೇಪರ್) ಬಳಸುವ ಅಭ್ಯಾಸವಿದ್ದವರು ಮಿರುಗಿನ ಆಸೆಯನ್ನು ಬಿಡುವುದೇ ಸರಿ, ಪದರವಾಗಬೇಕಾದದ್ದನ್ನೆಲ್ಲ ಅದು ಹೀರಿಬಿಡುತ್ತದೆ. ತೀರಾ ಹೆಚ್ಚು ಮಿರುಗುವ ಇಂಕುಗಳಿಗೆ ಇನ್ನೊಂದು ತೊಡಕಿದೆ: ಮೇಲೆ ಕುಳಿತ ಬಣ್ಣ ಕಾಗದವನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲವಾದ್ದರಿಂದ, ಬರೆದು ದಿನಗಳಾದ ಮೇಲೂ ಬೆವರಿದ ಅಂಗೈ ತಾಗಿದರೆ ಪುಟವೆಲ್ಲ ಸವರಿಹೋಗುತ್ತದೆ. ಲೆಕ್ಕದ ಪುಸ್ತಕಕ್ಕೆ, ಅರ್ಜಿಗೆ ಅಂಥ ಇಂಕು ಬೇಡ.

ಮರುದಿನ ಪೆನ್ನಿನ ಟೋಪಿ ತೆಗೆದಾಗ ನಿಬ್ಬಿನ ಬೆನ್ನ ಮೇಲೆ, ನಡುವಿನ ಸೀಳಿನ ಪಕ್ಕದಲ್ಲಿ, ಒಣಗಿದ ಇಂಕಿನ ಸಣ್ಣ ಹೆಕ್ಕಳೆ ಇತ್ತು. ಅದು ಹಿತ್ತಾಳೆಯ ಪಾತ್ರೆಗೆ ಹಿಡಿದ ಕಿಲುಬಿನಷ್ಟು ಹಸಿರು. ಬೆರಳ ತುದಿಯಿಂದ ಒಂದು ಹನಿ ನೀರು ಬಿಟ್ಟೆ. ಹಸಿರು ಕರಗಿ, ಹನಿ ಪೂರ್ತಿ ನೇರಳೆಯಾಯಿತು.