ಕಾಲೊನಿ ಬರಲಿಲ್ಲ ಅಂದ ಮಾತ್ರಕ್ಕೆ ಜೀನ್ ಎಸೆನ್ಶಿಯಲ್ ಆಗಲ್ಲ

ಧಾರವಾಡ, ಗದಗ, ಕಲಬುರ್ಗಿ ಕಡೆಯಿಂದ ಪುಣೆಗೆ ಪಿಎಚ್‌ಡಿ ಮಾಡೋಕೆ ಬರುವ ಮಕ್ಕಳು ಕನ್ನಡದವರು ಸಿಕ್ಕರೆ ಸಾಕು, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಹಿಡಿದುಕೊಂಡೇ ಬಂದುಬಿಡುತ್ತಾರೆ. ಪಾಷಾಣ್ ರಸ್ತೆಯ ಚಹಾದ ಅಂಗಡಿಯಲ್ಲೂ ಅದೇ ಮಾತು. "ಮೇಡಂ, ಈ ಜೀನ್ ಎಸೆನ್ಶಿಯಲ್ ಅದ ರೀ. ನಾಕೌಟ್ ಬರವಲ್ದು."

ನಾಕೌಟ್ ಅಂದ್ರೆ ಒಂದು ಜೀನ್ ತೆಗೆದುಹಾಕಿದ ಬ್ಯಾಕ್ಟೀರಿಯಾ; ಬದುಕಿದರೆ ಅದು ಪ್ಲೇಟಿನ ಮೇಲೆ ಕಾಲೊನಿಯಾಗಿ, ಅಂದರೆ ಚುಕ್ಕೆಯಂಥ ಗುಂಪಾಗಿ ಬೆಳೆಯುತ್ತದೆ. ಯಾವ ಜೀನ್ ಇಲ್ಲದೆ ಬ್ಯಾಕ್ಟೀರಿಯಾ ಬದುಕಲ್ಲವೋ ಅದು ಎಸೆನ್ಶಿಯಲ್, ಸರಿ. ಆದರೆ ನಿಮ್ಮ ಪ್ಲೇಟ್ ಖಾಲಿ ಇರೋದಕ್ಕೆ ಬೇರೆ ನೂರು ಕಾರಣ ಇರಬಹುದು. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಅದೇ ಖಾಲಿ ಪ್ಲೇಟಿನ ಫೋಟೊ ಥೀಸಿಸ್‌ನಲ್ಲಿ ಬಂದು ಕೂರುತ್ತದೆ. ನಿಜವಾಗಿಯೂ ಬೇಜಾರಾಗುತ್ತದೆ, ಯಾಕಂದ್ರೆ ಆ ಹುಡುಗರು ದುಡಿದಿರುತ್ತಾರೆ.

ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಜೀನ್ ತೆಗೆಯೋಕೆ ಹೆಚ್ಚಿನವರು ಬಳಸುವುದು ಲ್ಯಾಂಬ್ಡಾ ರೆಡ್ ವಿಧಾನ. ಜೀನಿನ ಎರಡೂ ತುದಿಯ ಸುಮಾರು 50 ಬೇಸ್ (ಡಿಎನ್‌ಎ ಅಕ್ಷರ) ಹೊತ್ತ ಕ್ಯಾನಮೈಸಿನ್ ಕ್ಯಾಸೆಟ್ಟನ್ನು, ಅಂದರೆ ಕ್ಯಾನಮೈಸಿನ್ ಅನ್ನುವ ಆಂಟಿಬಯಾಟಿಕ್ ತಡೆದುಕೊಳ್ಳುವ ಜೀನ್ ಇರುವ ಡಿಎನ್‌ಎ ತುಂಡನ್ನು, ವಿದ್ಯುತ್ ಶಾಕ್ ಕೊಟ್ಟು ಕೋಶದೊಳಗೆ ತೂರಿಸುತ್ತೇವೆ. ರೆಡ್ ಪ್ರೋಟೀನ್‌ಗಳು ಜೀನ್ ತೆಗೆದು ಆ ಜಾಗಕ್ಕೆ ಕ್ಯಾಸೆಟ್ ಕೂರಿಸಬೇಕು. ಕೋಶಗಳನ್ನು ತಣ್ಣಗಿನ ಗ್ಲಿಸರಾಲ್‌ನಲ್ಲಿ ಸರಿಯಾಗಿ ತೊಳೆಯದೆ ಉಪ್ಪು ಉಳಿದರೆ ಶಾಕ್ ಕೊಡುವ ಕ್ಯುವೆಟ್ 'ಟಪ್' ಅನ್ನುತ್ತದೆ, ಅವತ್ತಿನ ಕೆಲಸ ಮುಗೀತು. ಪ್ಲಾಸ್ಮಿಡ್ (ಹಲವು ಪ್ರತಿಯಲ್ಲಿರುವ ಚಿಕ್ಕ ಡಿಎನ್‌ಎ ಉಂಗುರ) ಇರುವ ಕೋಶಕ್ಕೆ ಹಾಕುವಷ್ಟೇ ಕ್ಯಾನಮೈಸಿನ್ ಹಾಕಿದರೆ ಒಂದೇ ಪ್ರತಿಯ ಕ್ಯಾಸೆಟ್ ಇರುವ ಕಾಲೊನಿ ತಡವಾಗಿ ಬರಬಹುದು, ಬರದೆಯೂ ಇರಬಹುದು.

ಗದಗಿನ ಒಬ್ಬಳು ಹುಡುಗಿ, ಬಹಳ ಚುರುಕು, ಒಂದು ಜೀನಿನ ಹಿಂದೆ ತಿಂಗಳುಗಟ್ಟಲೆ ಬಿದ್ದಿದ್ದಳು. "ಲ್ಯಾಕ್‌ಝಡ್ ಡಿಲೀಟ್ ಮಾಡಿದ ಪ್ಲೇಟ್ ಎಲ್ಲಮ್ಮ?" ಅಂತ ಕೇಳಿದೆ. ಇರಲಿಲ್ಲ. ಲ್ಯಾಕ್‌ಝಡ್ ಅಂದ್ರೆ ಲ್ಯಾಕ್ಟೋಸ್ ಒಡೆಯುವ ಜೀನ್, ಅದಿಲ್ಲದಿದ್ದರೂ ಇ. ಕೋಲೈ ಆರಾಮಾಗಿ ಬೆಳೆಯುತ್ತದೆ. ಅದೇ ದಿನ, ಅದೇ ಕೋಶಗಳಲ್ಲಿ ಅದನ್ನು ತೆಗೆದು ಎಕ್ಸ್-ಗಾಲ್ ಪ್ಲೇಟಿನ ಮೇಲೆ (ಲ್ಯಾಕ್‌ಝಡ್ ಇದ್ದರೆ ಇಲ್ಲಿ ಕಾಲೊನಿ ನೀಲಿ) ಬಿಳಿ ಕಾಲೊನಿ ಬಂದರೆ, ವಿಧಾನ ಕೆಲಸ ಮಾಡಿದೆ ಅಂತ ಅರ್ಥ. ಮಾಡಿಸಿದೆ. ಅದೂ ಖಾಲಿ! ನೋಡಿದರೆ, ಕೋಶ ಬೆಳೆಸುವ ಮೀಡಿಯಾದಲ್ಲಿ ಗ್ಲೂಕೋಸ್ ಇತ್ತು. ರೆಡ್ ಜೀನ್‌ಗಳು ಅರಾಬಿನೋಸ್ ಸಕ್ಕರೆ ಕೊಟ್ಟರೆ ಏಳುವ ಪ್ರಮೋಟರಿನ (ಜೀನ್ ಆನ್ ಮಾಡುವ ಸ್ವಿಚ್ಚಿನ) ಕೈಯಲ್ಲಿರುತ್ತವೆ, ಗ್ಲೂಕೋಸ್ ಇದ್ದರೆ ಆ ಪ್ರಮೋಟರ್ ಏಳೋದೇ ಇಲ್ಲ. ಗ್ಲೂಕೋಸ್ ಬಿಟ್ಟ ಮೇಲೆ ಬಿಳಿ ಕಾಲೊನಿಗಳೂ ಬಂದವು, ಅವಳ 'ಎಸೆನ್ಶಿಯಲ್' ಜೀನಿನ ನಾಕೌಟೂ ಬಂತು.

ಲ್ಯಾಕ್‌ಝಡ್ ಬಂತು, ನಿಮ್ಮದು ಬರಲಿಲ್ಲ ಅಂತಿಟ್ಟುಕೊಳ್ಳಿ. ಆಗಲೂ ಅನುಮಾನಕ್ಕೆ ಜಾಗ ಸಿಕ್ಕಿತು, ಅಷ್ಟೇ. ಪುರಾವೆ ಬೇಕಾದರೆ ಮೊದಲು ಜೀನಿನ ಇನ್ನೊಂದು ಪ್ರತಿಯನ್ನು ಬೇರೆ ಜಾಗದಲ್ಲಿ, ನಮ್ಮ ಕೈಯಲ್ಲಿರುವ ಪ್ರಮೋಟರಿನ ಕೆಳಗೆ ಕೂರಿಸಿ. ಆಮೇಲೆ ಮೂಲ ಜೀನ್ ತೆಗೆಯಿರಿ. ಈಗ ಸಲೀಸಾಗಿ ಹೋಗುತ್ತದೆಯಾ? ಎರಡನೇ ಪ್ರತಿಯನ್ನು ಆಫ್ ಮಾಡಿದರೆ ಕೋಶ ಸಾಯುತ್ತದೆಯಾ? ಎರಡಕ್ಕೂ ಹೌದು ಬಂದರೆ ಆಗ ಮಾತಾಡೋಣ. ಆಫ್ ಮಾಡಿದ ಕೂಡಲೇ ಸಾಯಲಿ ಅಂತ ಕಾಯಬೇಡಿ. ಮೊದಲೇ ಇರುವ ಪ್ರೋಟೀನ್ ಒಂದೊಂದು ವಿಭಜನೆಗೂ ಅರ್ಧರ್ಧ ಆಗುತ್ತಾ ಹೋಗಬೇಕು. ಎರಡು ಗಂಟೆ ನೋಡಿ "ಬೆಳೀತಾ ಇದೆ, ಹಾಗಾದ್ರೆ ಎಸೆನ್ಶಿಯಲ್ ಅಲ್ಲ" ಅಂತ ಬರೆಯುವವರೂ ಇದ್ದಾರೆ. ಕಲ್ಚರ್ ಮತ್ತೆ ಮತ್ತೆ ಡೈಲ್ಯೂಟ್ ಮಾಡಿ, ತಾಳ್ಮೆಯಿಂದ ನೋಡಿ.

ಆಪರಾನ್, ಅಂದರೆ ಒಂದೇ ಪ್ರಮೋಟರಿನ ಕೆಳಗೆ ಸಾಲಾಗಿರುವ ಜೀನ್‌ಗಳನ್ನು ನೆನಪಿಡಿ. ಮುಂದಿನ ಜೀನ್ ಕ್ಯಾಸೆಟ್ಟಿಂದ ಮುಚ್ಚಿಹೋಗಿ ಕೋಶ ಸತ್ತರೆ, ತಪ್ಪು ಜೀನಿಗೆ ಹೆಸರು ಹೋಗುತ್ತದೆ. ಜೀನ್ ತೆಗೆಯದೆ ಅದನ್ನು ಅದುಮಿಡುವ ಕ್ರಿಸ್ಪರ್‌ಐನಲ್ಲೂ ಇದೇ ತೊಂದರೆ. ಆಂಟಿಟಾಕ್ಸಿನ್ ಜೀನ್‌ಗಳದು ಇನ್ನೊಂದು ಕಥೆ: ಜೊತೆಗಿರುವ ಟಾಕ್ಸಿನ್ (ವಿಷದ) ಜೀನ್ ಇರುವ ತನಕ ಮಾತ್ರ ಅವು ಬೇಕು, ಎರಡನ್ನೂ ಒಟ್ಟಿಗೆ ತೆಗೆದರೆ ಕೋಶಕ್ಕೆ ಏನೂ ಆಗಲ್ಲ.

ಕಾಲೊನಿ ಬಂದರೂ ಜಾಗ್ರತೆ. 2006ರಲ್ಲಿ ಜಪಾನಿನ ಕೆಯೋ ಸಂಗ್ರಹದವರು ಇ. ಕೋಲೈನ 4288 ಜೀನ್ ಮುಟ್ಟಿ 3985ರ ನಾಕೌಟ್ ಪಡೆದರು, 303 ಬರಲಿಲ್ಲ. ಅವರು 2009ರಲ್ಲಿ ಮರುಪರೀಕ್ಷೆ ಮಾಡಿದಾಗ ಕೆಲವು ನಾಕೌಟ್‌ಗಳಲ್ಲಿ ಜೀನಿನ ಇನ್ನೊಂದು ಪ್ರತಿ ಉಳಿದುಕೊಂಡಿದ್ದು ಸಿಕ್ಕಿತು. ಕೋಶ ಆ ಭಾಗವನ್ನು ಇಮ್ಮಡಿ ಮಾಡಿಕೊಂಡು ಬದುಕಿತ್ತು. ಕ್ಯಾಸೆಟ್ ಕೂತಿದೆಯಾ ಅಂತ ಮಾತ್ರ ಪಿಸಿಆರ್ ಮಾಡಿದರೆ ಇದು ಕಾಣಲ್ಲ. ಜೀನಿನ ಒಳಗೇ ಅಂಟುವ ಪ್ರೈಮರ್ (ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್‌ಎ) ಹಾಕಿ, ಜೆಲ್‌ನಲ್ಲಿ ಬ್ಯಾಂಡ್ ಬರಬಾರದು ಅನ್ನೋದನ್ನೂ ನೋಡಿ.

ಟ್ರಾನ್ಸ್‌ಪೋಸಾನ್ ಸೀಕ್ವೆನ್ಸಿಂಗ್ (ಜಿಗಿಯುವ ಡಿಎನ್‌ಎ ತುಂಡು ಯಾವ್ಯಾವ ಜೀನಿನಲ್ಲಿ ಹೊಕ್ಕಿದೆ ಅಂತ ಓದುವ ವಿಧಾನ) ಬಂದ ಮೇಲೆ ಸಮಸ್ಯೆ ಮುಗೀತು ಅಂದುಕೊಂಡವರಿದ್ದಾರೆ. ಲಕ್ಷಗಟ್ಟಲೆ ಇನ್ಸರ್ಷನ್ ಒಂದೇ ಸಲ ಸಿಗುತ್ತವೆ, ಒಳ್ಳೆಯದೇ. ಆದರೆ ಅಲ್ಲೂ ಓದುವುದು ಖಾಲಿ ಜಾಗವನ್ನೇ ಅಲ್ವಾ? ಚಿಕ್ಕ ಜೀನಿಗೆ ಸುಮ್ನೆ ಅದೃಷ್ಟದ ಮೇಲೆ ಒಂದೂ ಬೀಳದೆ ಇರಬಹುದು. ಹಿಮಾರ್1 ಅನ್ನುವ ಟ್ರಾನ್ಸ್‌ಪೋಸಾನ್ ಆದರೆ ಡಿಎನ್‌ಎಯಲ್ಲಿ ಟಿಎ ಅಕ್ಷರಗಳು ಇರುವಲ್ಲಿ ಮಾತ್ರ ಕೂರುತ್ತದೆ. ಎಫ್‌ಟಿಎಸ್‌ಕೆ ಜೀನ್ ಎಸೆನ್ಶಿಯಲ್, ಆದರೂ ಅದರ ಕೊನೆಯ ಭಾಗದಲ್ಲಿ ಇನ್ಸರ್ಷನ್ ಬಿದ್ದರೆ ಕೋಶ ಸಾಯಲ್ಲ. ಮೊದಲ ಭಾಗವೇ ಬೇಕಾದದ್ದು. ಇಡೀ ಜೀನಿನ ಇನ್ಸರ್ಷನ್‌ಗಳ ಮೊತ್ತ ನೋಡಿ ತೀರ್ಪು ಕೊಟ್ಟರೆ ಇಂಥದ್ದು ಕೈತಪ್ಪುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಉತ್ತರ ನಿಮ್ಮ ಮೀಡಿಯಾಗೆ ಮಾತ್ರ. ಕ್ಷಯದ ಬ್ಯಾಕ್ಟೀರಿಯಾವನ್ನು ಲ್ಯಾಬಲ್ಲಿ ಗ್ಲಿಸರಾಲ್ ಹಾಕಿ ಬೆಳೆಸುತ್ತೇವೆ. ಅದನ್ನು ಚೆನ್ನಾಗಿ ಕೊಲ್ಲುತ್ತಿದ್ದ ಒಂದು ಗುಂಪಿನ ರಾಸಾಯನಿಕಗಳು ಇಲಿಯಲ್ಲಿ ಏನೂ ಮಾಡಲಿಲ್ಲ ಅಂತ 2010ರಲ್ಲಿ ವರದಿಯಾಯಿತು. ಕೊಲ್ಲುತ್ತಿದ್ದದ್ದು ಗ್ಲಿಸರಾಲ್ ಇದ್ದಾಗ ಮಾತ್ರ. ಹಾಗಾಗಿ ಔಷಧಿಯ ಗುರಿ ಹುಡುಕುವವರು ಜೀನಿನ ಹೆಸರಿನ ಪಕ್ಕದಲ್ಲೇ ಸ್ಟ್ರೇನ್ (ತಳಿ), ಮೀಡಿಯಾ, ತಾಪಮಾನ ಮೂರನ್ನೂ ಬರೆದಿಡಿ. ಲ್ಯಾಕ್‌ಝಡ್ ಪ್ಲೇಟಿನ ಫೋಟೊವನ್ನೂ ಅದೇ ಪುಟಕ್ಕೆ ಅಂಟಿಸಿ.