ತೂಗುವ ಕುಂಡಕ್ಕೂ ಕೊಡಲಿ ಕಾವಿಗೂ ಒಂದೇ ಬೆಣೆ

ಕಳೆದ ಆಷಾಢದ ಒಂದು ರಾತ್ರಿ ಶಿವಮೊಗ್ಗದ ನಮ್ಮ ಮನೆಯ ಹಾಲ್‌ನಲ್ಲಿ ತಾರಸಿಯಿಂದ ತೂಗುಹಾಕಿದ್ದ ಮನಿ ಪ್ಲಾಂಟ್ ಕುಂಡ ದಢಾರನೆ ಬಿತ್ತು. ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಬಂದು ನೋಡಿ, "ಆಷಾಢದಲ್ಲಿ ಮನಿ ಪ್ಲಾಂಟೇ ಬಿತ್ತಾ? ಯಾರದೋ ದೃಷ್ಟಿ ತಾಗಿದೆ ಕಣ್ರೀ, ಒಂದು ನಿಂಬೆಹಣ್ಣು ಕಟ್ಟಿ" ಅಂದರು. ಮಣ್ಣು ಗುಡಿಸುವಾಗ ಸಿಕ್ಕ ಕೊಕ್ಕೆಯನ್ನು ನಾನು ಅವರ ಕೈಗೇ ಕೊಟ್ಟೆ. ಕೊಕ್ಕೆ ಒಂಚೂರೂ ಬಗ್ಗಿರಲಿಲ್ಲ. ಅದರ ತುದಿಗೆ ಪ್ಲಾಸ್ಟಿಕ್ ಪ್ಲಗ್, ಅಂದರೆ ಸ್ಕ್ರೂ ಹಿಡಿದಿಡಲು ತೂತಿನೊಳಗೆ ತುರುಕುವ ಸಣ್ಣ ಕೊಳವೆ, ಹಾಗೇ ಕಚ್ಚಿಕೊಂಡಿತ್ತು. ಪ್ಲಗ್ಗಿನ ಮೈತುಂಬ ನುಣ್ಣನೆಯ ಸಿಮೆಂಟ್ ದೂಳು, ವಿಭೂತಿ ಬಳಿದ ಹಾಗೆ. ಬೆರಳಿಟ್ಟರೆ ಜಾರುತ್ತಿತ್ತು. ಕುಂಡ ಬಿದ್ದ ಕಾರಣ ಆ ದೂಳಿನಲ್ಲೇ ಇತ್ತು.

ಅಂಗಡಿಗೆ ಹೋದಾಗ ನಾವೆಲ್ಲ ಕೇಳುವುದು ದಪ್ಪ ಕೊಕ್ಕೆಯನ್ನು. ಕೊಕ್ಕೆ ಮುರಿದು ಕುಂಡ ಬೀಳುವುದು ತೀರಾ ಅಪರೂಪ. ಗೋಡೆಯ ಮೊಳೆಗೆ ಫೋಟೊ ಹಾಕಿದರೆ ಭಾರ ಮೊಳೆಯ ಮೇಲೆ ಅಡ್ಡಲಾಗಿ ಕೂರುತ್ತದೆ. ಮೊಳೆ ಸ್ವಲ್ಪ ಸಡಿಲವಿದ್ದರೂ ವರ್ಷಗಟ್ಟಲೆ ನಡೆಯುತ್ತದೆ. ತಾರಸಿಯಲ್ಲಿ ಹಾಗಲ್ಲ. ಅಲ್ಲಿ ಭಾರವು ಕೊಕ್ಕೆಯನ್ನು ಅದು ಒಳಗೆ ಹೋದ ದಾರಿಯಲ್ಲೇ ಹೊರಗೆ ಎಳೆಯುತ್ತಿರುತ್ತದೆ, ಹಗಲೂ ರಾತ್ರಿ. ಪ್ಲಗ್ಗನ್ನು ಹಿಡಿದು ನಿಲ್ಲಿಸುವುದು ಘರ್ಷಣೆ ಒಂದೇ.

ಈ ಘರ್ಷಣೆ ಹುಟ್ಟುವ ಬಗೆ ನನಗೆ ತುಂಬಾ ಇಷ್ಟ. ಕೊಡಲಿಗೆ ಕಾವು ಹಾಕುವುದನ್ನು ನೋಡಿದ್ದೀರಲ್ವಾ? ಕಾವಿನ ತುದಿಯನ್ನು ಸೀಳಿ, ಕೊಡಲಿಯ ಕಣ್ಣಿಗೆ ತೂರಿಸಿ, ಆ ಸೀಳಿಗೆ ಬೆಣೆ ಹೊಡೆಯುತ್ತಾರೆ. ಮರ ಅಗಲವಾಗಿ ಕಣ್ಣನ್ನು ಒಳಗಿನಿಂದ ಒತ್ತುತ್ತದೆ. ಪ್ಲಗ್ಗಿನಲ್ಲೂ ಅಂಥದೇ ಸೀಳು ಇದೆ, ಸ್ಕ್ರೂ ಅದರ ಬೆಣೆ. ಇನ್ನೊಂದು ರೀತಿ ನೋಡಿ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡು ಅಡಿಕೆ ಮರವನ್ನು ಎರಡೂ ಪಾದಗಳಿಂದ ಒತ್ತಿ ಹಿಡಿಯುತ್ತಾನೆ. ಅವನು ಹೊರಗಿನಿಂದ ಒತ್ತುತ್ತಾನೆ, ಪ್ಲಗ್ ಒಳಗಿನಿಂದ ಒತ್ತುತ್ತದೆ, ಅಷ್ಟೇ ವ್ಯತ್ಯಾಸ. ಮಳೆಗಾಲದಲ್ಲಿ ಮರಕ್ಕೆ ಪಾಚಿ ಕಟ್ಟಿದರೆ ಎಷ್ಟು ಒತ್ತಿದರೂ ಕಾಲು ಜಾರುತ್ತದೆ. ನಮ್ಮ ತೂತಿನಲ್ಲಿದ್ದ ದೂಳು ಆ ಪಾಚಿಯ ಕೆಲಸವನ್ನೇ ಮಾಡಿತ್ತು. ಲೆಕ್ಕವೂ ಸುಲಭ. ಪ್ಲಗ್ ತೂತಿನ ಗೋಡೆಯನ್ನು 100 ಕೆ.ಜಿ.ಯಷ್ಟು ಒತ್ತುತ್ತಿದೆ, ಘರ್ಷಣೆಯ ಗುಣಾಂಕ (ಒತ್ತುವ ಬಲದ ಎಷ್ಟು ಪಾಲು ಹಿಡಿತವಾಗುತ್ತದೆ ಅನ್ನುವ ಅಳತೆ) 0.4 ಅಂತಿಟ್ಟುಕೊಳ್ಳಿ. ಅದು 40 ಕೆ.ಜಿ. ತಡೆಯುತ್ತದೆ. ದೂಳಿನಿಂದ ಗುಣಾಂಕ 0.1ಕ್ಕೆ ಇಳಿದರೆ ಉಳಿಯುವುದು 10 ಕೆ.ಜಿ. ಮಾತ್ರ. ತೂತು ದೊಡ್ಡದಾಗಿದ್ದರೆ ಒತ್ತಡವೇ ಹುಟ್ಟುವುದಿಲ್ಲ. ನಮ್ಮ ಮನೆಯಲ್ಲಿ 8 ಮಿ.ಮೀ. ಪ್ಲಗ್ಗಿಗೆ 10 ಮಿ.ಮೀ. ಬಿಟ್‌ನಲ್ಲಿ ತೂತು ಕೊರೆದಿದ್ದರು!

ಇಂಥ ಪ್ಲಗ್ಗನ್ನು ಮೊದಲು ಮಾಡಿದವರು ಲಂಡನ್ನಿನ ಜಾನ್ ಜೋಸೆಫ್ ರಾಲಿಂಗ್ಸ್. ನಮ್ಮ ಎಲೆಕ್ಟ್ರಿಷಿಯನ್‌ಗಳು ಈಗಲೂ 'ರಾಲ್ ಪ್ಲಗ್' ಅನ್ನುವುದು ಅದಕ್ಕೇ. 1910ರ ದಶಕದ ಆರಂಭದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆ ಕೆಡಿಸದೆ ವಿದ್ಯುತ್ ಸಾಮಾನು ಕೂರಿಸಬೇಕಿತ್ತು. ಅಲ್ಲಿಯವರೆಗೆ ಗೋಡೆ ಅಗೆದು ಮರದ ತುಂಡು ಹುಗಿಯುತ್ತಿದ್ದರು. ರಾಲಿಂಗ್ಸ್ ಸೆಣಬಿನ ನಾರನ್ನು ಪ್ರಾಣಿಗಳ ರಕ್ತದಿಂದ ಅಂಟಿಸಿ ಸಣ್ಣ ಕೊಳವೆ ಮಾಡಿದರು. ನೈಲಾನ್ ಪ್ಲಗ್ ಬಂದದ್ದು 1958ರಲ್ಲಿ, ಜರ್ಮನಿಯ ಆರ್ಟುರ್ ಫಿಷರ್ ಅವರಿಂದ. ಸಾವಿರಕ್ಕೂ ಹೆಚ್ಚು ಪೇಟೆಂಟ್ ಪಡೆದ ಮನುಷ್ಯ ಅವರು.

ಸರಿ, ಆಷಾಢದಲ್ಲೇ ಯಾಕೆ ಬಿತ್ತು? ನೀರಿನಿಂದ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. ನಮ್ಮ ಇನ್ನೊಂದು ಅಂಥದೇ ಕುಂಡವನ್ನು ತೂಗಿ ನೋಡಿದೆ. ಒಣಗಿದಾಗ 3 ಕೆ.ಜಿ., ನೀರು ಕುಡಿದಾಗ ನಾಲ್ಕೂವರೆ. ಮಲೆನಾಡಿನ ಮಳೆಗಾಲದಲ್ಲಿ ಮಣ್ಣು ಒಣಗುವುದೇ ಇಲ್ಲ, ನಾವು ಮಾತ್ರ ರೂಢಿಯಂತೆ ದಿನಾ ನೀರು ಹಾಕುತ್ತೇವೆ. ಸಾಲದ್ದಕ್ಕೆ ಪ್ಲಾಸ್ಟಿಕ್ ಸದಾ ಒತ್ತಡದಲ್ಲಿದ್ದರೆ ನಿಧಾನವಾಗಿ ಸಡಿಲವಾಗುತ್ತದೆ. ಹಾಗಾಗಿ ತಾರಸಿಗೆ ಭಾರದ ಕುಂಡವಾದರೆ ಪ್ಲಾಸ್ಟಿಕ್ ಬೇಡ, ತೂತಿನೊಳಗೆ ಅಗಲವಾಗಿ ಕಚ್ಚಿಕೊಳ್ಳುವ ಲೋಹದ ಆ್ಯಂಕರ್ ಬೋಲ್ಟ್ ತನ್ನಿ. ಅದು ಪ್ಲಾಸ್ಟರ್ ದಾಟಿ ಕಾಂಕ್ರೀಟಿನೊಳಗೆ ಹೋಗಬೇಕು. ಆಳ ಕಡಿಮೆಯಿದ್ದರೆ ಬೋಲ್ಟ್ ತನ್ನ ಸುತ್ತಲಿನ ಕಾಂಕ್ರೀಟನ್ನೇ ಆಲಿಕೆಯ ಆಕಾರದಲ್ಲಿ ಕಿತ್ತುಕೊಂಡು ಬರುತ್ತದೆ. ಆಳ ದುಪ್ಪಟ್ಟಾದರೆ ಹಾಗೆ ಕೀಳಲು ಎರಡೂವರೆ ಪಟ್ಟಿಗಿಂತ ಜಾಸ್ತಿ ಬಲ ಬೇಕು. ಕೊಕ್ಕೆ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ನಮ್ಮ ಥಂಡಿಗೆ ಬರೀ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಖಾಲಿ ಬಿದ್ದಿರುವ ಫ್ಯಾನ್ ಹುಕ್ಕಿದ್ದರೆ ಇದ್ಯಾವುದೂ ಬೇಡ, ಅದು ಸ್ಲ್ಯಾಬ್ ಹಾಕುವಾಗಲೇ ಕಾಂಕ್ರೀಟಿನಲ್ಲಿ ಹೂತಿರುತ್ತದೆ. ಫಾಲ್ಸ್ ಸೀಲಿಂಗ್ ಹಲಗೆಗೆ ಮಾತ್ರ ಕುಂಡ ಕಟ್ಟಬೇಡಿ.

ಹೆಂಚಿನ ಮನೆಯವರು ಪುಣ್ಯವಂತರು. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಮನೆಯಲ್ಲಿ ಮೊಗೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ಇಳಿಬಿಡುತ್ತಿದ್ದರು. ಒಂದೊಂದೂ ಎರಡು ಕೆ.ಜಿ. ಇದ್ದೀತು. ಒಂದೂ ಬಿದ್ದದ್ದು ನೆನಪಿಲ್ಲ. ಹಗ್ಗವನ್ನು ಗಳುವಿನ ಸುತ್ತ ಬಳಸಿ ಕಟ್ಟಿದರೆ ಭಾರ ಗಳುವಿನ ಮೇಲೆ ಕೂರುತ್ತದೆ, ಕಿತ್ತು ಬರಲು ಅಲ್ಲಿ ಏನೂ ಇರುವುದಿಲ್ಲ. ನಿಮ್ಮ ಮನೆಯ ತೊಲೆಗೂ ಹಾಗೇ ಹಗ್ಗ ಸುತ್ತಿ. ಗೆದ್ದಲು ತಿಂದಿದೆಯಾ ಅಂತ ಮೊದಲು ಬಡಿದು ನೋಡಿ. ಕೊಕ್ಕೆಯೇ ಬೇಕೆಂದರೆ ಸ್ಕ್ರೂಗಿಂತ ಸಣ್ಣ ತೂತು ಕೊರೆದು ತಿರುಗಿಸಿ.

ನಮ್ಮ ಹಾಲ್‌ನಲ್ಲಿ ಹಳೇ ತೂತಿನಿಂದ ಒಂದು ಗೇಣು ದೂರ ಹೊಸದಾಗಿ ಕೊರೆದೆವು. ಸೈಕಲ್ ಪಂಪಿನಿಂದ ಗಾಳಿ ಹೊಡೆದಾಗ ತೂತಿನಿಂದ ದೂಳು ಹೊಗೆಯಂತೆ ಬಂತು. ಎರಡನೇ ಸಲ ಕಡಿಮೆ, ಮೂರನೇ ಸಲ ಏನೂ ಬರಲಿಲ್ಲ. ಆಮೇಲೆ ಆ್ಯಂಕರ್ ಕೂರಿಸಲು ಸುತ್ತಿಗೆಯಲ್ಲಿ ನಾಲ್ಕು ಏಟು ಬೇಕಾಯಿತು. ಪಕ್ಕದ ಮನೆಯ ಅಕ್ಕ ಕೆಳಗೆ ನಿಂತು ನೋಡುತ್ತಿದ್ದರು. ತಮ್ಮ ವರಾಂಡದ ಕುಂಡವನ್ನೂ ಒಮ್ಮೆ ನೋಡಿ ಅಂದಿದ್ದಾರೆ. ಈ ಭಾನುವಾರ ಪಂಪ್ ತಗೊಂಡು ಹೋಗಬೇಕು.